ಇಮಿಗ್ರೆಂಟ್ ಕಮ್ಯುನಿಟಿ ಡೆವಲಪ್‌ಮೆಂಟ್: ಭಾವ, ಇದು ಬಿಡಿಒ ಕೆಲಸ ಅಲ್ಲ

ಅಕ್ಕನ ಮಗಳು ಅಮೆರಿಕದಲ್ಲಿ ನಗರ ಯೋಜನೆಯಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದಾಳೆ. ಹೋದ ತಿಂಗಳು ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಕೆಲಸದ ಪ್ರಕಟಣೆ ಹಾಕಿದಳು. ಅಲ್ಲಿನ ಒಂದು ವಿಶ್ವವಿದ್ಯಾಲಯಕ್ಕೆ ಅಸಿಸ್ಟೆಂಟ್ ಪ್ರೊಫೆಸರ್ ಬೇಕಂತೆ. ವಿಷಯ: ಅರ್ಬನ್ ಪ್ಲಾನಿಂಗ್ ಮತ್ತು ಇಮಿಗ್ರೆಂಟ್ ಕಮ್ಯುನಿಟಿ ಡೆವಲಪ್‌ಮೆಂಟ್. ಭಾವ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ತಕ್ಷಣ ಕೇಳಿದರು: "ಕಮ್ಯುನಿಟಿ ಡೆವಲಪ್‌ಮೆಂಟ್ ಅಂದ್ರೆ ನಮ್ ಬಿಡಿಒ ಕೆಲಸ ಅಲ್ವಾ? ಅದಕ್ಕೆ ಪಿಎಚ್‌ಡಿ ಯಾಕೆ?" ಬಿಡಿಒ ಅಂದರೆ ಬ್ಲಾಕ್ ಡೆವಲಪ್‌ಮೆಂಟ್ ಆಫೀಸರ್. ಮಗಳು ಒಂದು ನಗುಮುಖ ಹಾಕಿ ಸುಮ್ಮನಾದಳು. ಉತ್ತರ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಭಾವ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾದದ್ದು 1952ರ ಅಕ್ಟೋಬರ್ 2ರಂದು, 55 ಯೋಜನೆಗಳೊಂದಿಗೆ. ಬ್ಲಾಕು, ಬಿಡಿಒ, ಗ್ರಾಮಸೇವಕ ಎಲ್ಲ ಹಳ್ಳಿಯ ಬಾಯಿಗೆ ಬಂದದ್ದು ಆಗಲೇ. ತಮಾಷೆ ಏನೆಂದರೆ, ಅದರ ಹಿಂದೆಯೂ ಒಬ್ಬ ಅಮೆರಿಕನ್ ನಗರ ಯೋಜಕ ಇದ್ದ. ನ್ಯೂಯಾರ್ಕಿನ ಆಲ್ಬರ್ಟ್ ಮೇಯರ್ 1948ರಲ್ಲಿ ಉತ್ತರ ಪ್ರದೇಶದ ಇಟಾವಾದಲ್ಲಿ ನಡೆಸಿದ ಪ್ರಯೋಗವೇ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಚಂಡೀಗಡದ ಮೊದಲ ನಕ್ಷೆ ಬರೆದವನೂ ಅವನೇ. ಅಂದರೆ ಪದ ಒಂದೇ ಮನೆತನದ್ದು. ಆದರೆ ಇಲ್ಲಿಗೆ ಬಂದು ಸರ್ಕಾರಿ ಕುರ್ಚಿ ಏರಿತು. ಅಲ್ಲಿ ಅದೇ ಪದ ಮುಂದೆ ಸರ್ಕಾರದ ಎದುರು ನಿಂತಿತು.

ಕನ್ನಡಕ್ಕೆ ತರುವಾಗ ಇನ್ನೂ ಒಂದು ತೊಡಕಿದೆ. ಪತ್ರಿಕೆಯಲ್ಲಿ "ಸಮುದಾಯದ ಮುಖಂಡರು" ಎಂದು ಓದಿದರೆ ನಮಗೆ ಹೊಳೆಯುವುದು ಜಾತಿ. ಅಭಿವೃದ್ಧಿ ನಿಗಮ ಅಂದರೆ ದೇವರಾಜ ಅರಸು ನಿಗಮದ ಹಾಗೆ ಸಾಲ, ಸಹಾಯಧನ ಕೊಡುವ ಸರ್ಕಾರಿ ಕಚೇರಿ. ಅಮೆರಿಕದಲ್ಲಿ ಕಮ್ಯುನಿಟಿ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಗಳಿವೆ. ಚಿಕ್ಕದಾಗಿ ಸಿಡಿಸಿ ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ಅದೂ "ಸಮುದಾಯ ಅಭಿವೃದ್ಧಿ ನಿಗಮ"ವೇ! ಆದರೆ ಅದು ಸರ್ಕಾರದ್ದಲ್ಲ, ಲಾಭಕ್ಕೆ ನಡೆಯುವುದೂ ಅಲ್ಲ. ಒಂದು ಬಡಾವಣೆಯ ಜನ ಸೇರಿ ಕಟ್ಟಿಕೊಂಡದ್ದು. ಮನೆ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುತ್ತದೆ, ಸಣ್ಣ ಅಂಗಡಿಗಳಿಗೆ ಸಾಲ ಹುಡುಕಿಕೊಡುತ್ತದೆ, ಪಾಲಿಕೆಯ ಜೊತೆ ಜಗಳವನ್ನೂ ಆಡುತ್ತದೆ. ಸೆನೆಟರ್ ರಾಬರ್ಟ್ ಕೆನಡಿ ಮುಂದೆ ನಿಂತು 1967ರಲ್ಲಿ ನ್ಯೂಯಾರ್ಕಿನ ಬೆಡ್‌ಫರ್ಡ್-ಸ್ಟೈವಸಂಟ್‌ನಲ್ಲಿ ಆರಂಭಿಸಿದ ಸಂಸ್ಥೆಯನ್ನು ಮೊದಮೊದಲ ಸಿಡಿಸಿ ಎಂದು ಹೇಳುತ್ತಾರೆ.

ಇಂಥದ್ದು ಬೇಕಾದದ್ದು ಯಾಕೆ? 1949ರ ವಸತಿ ಕಾನೂನು ಬಂದಮೇಲೆ ಅಮೆರಿಕದ ನಗರಗಳಲ್ಲಿ "ಅರ್ಬನ್ ರಿನ್ಯೂವಲ್" ಹೆಸರಲ್ಲಿ ಹಳೆಯ ಬಡಾವಣೆಗಳನ್ನು ನೆಲಸಮ ಮಾಡಿದರು. ಯಾವುದು ಕೊಳೆಗೇರಿ ಎಂದು ನಕ್ಷೆಯ ಮೇಲೆ ಗೆರೆ ಎಳೆಯುತ್ತಿದ್ದವರು ನಗರ ಯೋಜಕರೇ. ಗೆರೆಯ ಒಳಗಿದ್ದವರು ಹೆಚ್ಚಾಗಿ ಕಪ್ಪು ಜನ, ಹೊರದೇಶದಿಂದ ಬಂದ ಬಡವರು. 1965ರಲ್ಲಿ ಪಾಲ್ ಡೇವಿಡಾಫ್ ಎಂಬ ಯೋಜಕ ಒಂದು ಲೇಖನ ಬರೆದು, ವಕೀಲರು ಕಕ್ಷಿದಾರರ ಪರ ನಿಲ್ಲುವ ಹಾಗೆ ಯೋಜಕರೂ ಜನರ ಪರ ನಿಲ್ಲಬೇಕು ಎಂದು ವಾದಿಸಿದರು. ಯೋಜನೆ ಓದುವ ಹುಡುಗರು ಇವತ್ತಿಗೂ ಅದನ್ನು ಓದಿಯೇ ಮುಂದೆ ಹೋಗುವುದು.

ಇಷ್ಟು ಹೇಳಿದರೆ ಭಾವನಿಗೆ ಸಾಲದು ಎಂದು ಒಂದು ಹೋಟೆಲಿನ ಕಥೆ ಬರೆದೆ.

ಸ್ಯಾನ್ ಫ್ರಾನ್ಸಿಸ್ಕೋದ ಕರ್ನಿ ಬೀದಿಯಲ್ಲಿ ಇಂಟರ್‌ನ್ಯಾಷನಲ್ ಹೋಟೆಲ್ ಅಂತ ಇತ್ತು. ಜನರ ಬಾಯಲ್ಲಿ ಐ-ಹೋಟೆಲ್. ಊಟದ ಹೋಟೆಲ್ ಅಲ್ಲ, ಜನ ಕೋಣೆ ಬಾಡಿಗೆಗೆ ಹಿಡಿದು ವಾಸವಿದ್ದ ಜಾಗ. ಹೆಸರು ದೊಡ್ಡದು, ಕೋಣೆ ಚಿಕ್ಕದು. ಅಲ್ಲಿದ್ದವರು ಹೆಚ್ಚಿನವರು ವಯಸ್ಸಾದ ಫಿಲಿಪೀನ್ಸಿನ ಗಂಡಸರು, ಜೊತೆಗೆ ಕೆಲವು ಚೀನೀ ಮುದುಕರು. ಯೌವನದಲ್ಲಿ ಬಂದು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ, ಅಲಾಸ್ಕಾದ ಮೀನಿನ ಕಾರ್ಖಾನೆಗಳಲ್ಲಿ ದುಡಿದವರು. ಬಹಳ ಮಂದಿಗೆ ಮದುವೆಯೇ ಆಗಲಿಲ್ಲ. ಬಿಳಿಯ ಹೆಂಗಸರನ್ನು ಮದುವೆಯಾಗುವುದಕ್ಕೆ 1948ರವರೆಗೆ ಕ್ಯಾಲಿಫೋರ್ನಿಯಾದ ಕಾನೂನೇ ಅಡ್ಡ ಇತ್ತು, ತಮ್ಮ ಊರಿನ ಹೆಂಗಸರು ಅಲ್ಲಿಗೆ ಬಂದದ್ದು ತೀರಾ ಕಡಿಮೆ. ಅವರನ್ನು ಎಲ್ಲರೂ "ಮನೋಂಗ್" ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಣ್ಣ ಅಂತ. ಸುತ್ತಲಿದ್ದ ಫಿಲಿಪೀನ್ಸಿನವರ ಬಡಾವಣೆ ಮನಿಲಾಟೌನ್ ಒಂದೊಂದೇ ಕಟ್ಟಡವಾಗಿ ಕರಗಿ ಆಫೀಸುಗಳಾದಾಗ ಕೊನೆಗೆ ಉಳಿದದ್ದು ಈ ಹೋಟೆಲ್. ಅದನ್ನೂ ಕೆಡವುವುದಾಗಿ ಮಾಲೀಕರು 1968ರಲ್ಲಿ ನೋಟಿಸ್ ಕೊಟ್ಟರು.

ಅದೇ ವರ್ಷ ಅದೇ ಊರಿನ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದ್ದರು. ನಮ್ಮ ಜನರ ಚರಿತ್ರೆ ಪಾಠದಲ್ಲಿ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಐದು ತಿಂಗಳು ನಡೆದ ಆ ಮುಷ್ಕರದಿಂದಲೇ, ಬಿಳಿಯರಲ್ಲದ ಜನರ ಚರಿತ್ರೆ, ಬದುಕು ಓದುವ ಎತ್ನಿಕ್ ಸ್ಟಡೀಸ್ ಎಂಬ ವಿಭಾಗ ಹುಟ್ಟಿತು. ಆ ಹುಡುಗರೂ ಹತ್ತಿರದ ಬರ್ಕ್ಲಿ ವಿಶ್ವವಿದ್ಯಾಲಯದ ಹುಡುಗರೂ ಬಂದು ಮನೋಂಗ್‌ಗಳ ಕೋಣೆಗೆ ಬಣ್ಣ ಬಳಿದರು, ಕೊಳಾಯಿ ರಿಪೇರಿ ಮಾಡಿದರು. ಒಂಬತ್ತು ವರ್ಷ ಜಗ್ಗಾಟ ನಡೆಯಿತು. ಕೋರ್ಟಿನ ಆದೇಶ ಜಾರಿ ಮಾಡಬೇಕಾದ ಅಧಿಕಾರಿ, ಅಂದರೆ ಶೆರಿಫ್, ರಿಚರ್ಡ್ ಹಾಂಗಿಸ್ಟೊ ಖಾಲಿ ಮಾಡಿಸಲು ಒಪ್ಪದೆ ನ್ಯಾಯಾಂಗ ನಿಂದನೆಗೆ ಐದು ದಿನ ಜೈಲಿನಲ್ಲಿದ್ದು ಬಂದ. ಕೊನೆಗೆ 1977ರ ಆಗಸ್ಟ್ 4ರ ನಸುಕಿನಲ್ಲಿ ಅವನೇ ಸುತ್ತಿಗೆ ಹಿಡಿದು ಬಾಗಿಲು ಒಡೆದ. ಹೊರಗೆ ಸುಮಾರು ಮೂರು ಸಾವಿರ ಜನ ಕೈ ಕೈ ಹಿಡಿದು ಗೋಡೆಯಂತೆ ನಿಂತಿದ್ದರು. ಆದರೂ ಮುದುಕರು ಬೀದಿಗೆ ಬಂದರು. ಕಟ್ಟಡ ಕೆಡವಿದ ಮೇಲೆ ಆ ಜಾಗ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಳ್ಳವಾಗಿಯೇ ಬಿದ್ದಿತ್ತು. 2005ರಲ್ಲಿ ಅಲ್ಲಿ ವಯಸ್ಸಾದ ಬಡವರಿಗಾಗಿ 104 ಮನೆಗಳ ಹೊಸ ಕಟ್ಟಡ ಎದ್ದಿತು. ಅಷ್ಟು ಹೊತ್ತಿಗೆ ಮನೋಂಗ್‌ಗಳಲ್ಲಿ ಹೆಚ್ಚಿನವರು ತೀರಿಹೋಗಿದ್ದರು.

ಇದನ್ನು ಇಷ್ಟು ಉದ್ದ ಬರೆದದ್ದು ಸುಮ್ನೆ ಅಲ್ಲ. ಪ್ರಕಟಣೆಯಲ್ಲಿರುವ ಡೆವಲಪ್‌ಮೆಂಟ್ ಎಂಬ ಪದದ ಅರ್ಥ ಈ ಹೋಟೆಲಿನಲ್ಲಿದೆ. ಆ ಜಾಗಕ್ಕೆ ದುಡ್ಡು ಬರುವುದಿತ್ತು, ಹೊಸ ಕಟ್ಟಡವೂ ಬರುವುದಿತ್ತು. ಮಾಲೀಕರ ಲೆಕ್ಕದಲ್ಲಿ ಅದೇ ಅಭಿವೃದ್ಧಿ. ಈ ವಿಷಯದವರ ಲೆಕ್ಕ ಬೇರೆ: ಅಲ್ಲಿದ್ದವರು ಅಲ್ಲೇ ಉಳಿದರೋ ಇಲ್ಲವೋ, ಏನು ಕಟ್ಟಬೇಕು ಅನ್ನುವ ಮಾತಿನಲ್ಲಿ ಅವರ ಮಾತು ನಡೆಯಿತೋ ಇಲ್ಲವೋ.

ಮಾತು ನಡೆದ ಉದಾಹರಣೆಯೂ ಉಂಟು. ಬಾಸ್ಟನ್ನಿನ ಚೈನಾಟೌನ್‌ನಲ್ಲಿ ಪಾರ್ಸೆಲ್ ಸಿ ಎಂಬ ತುಂಡು ಜಾಗವಿತ್ತು. 1993ರಲ್ಲಿ ಅಲ್ಲಿ ಪಕ್ಕದ ಆಸ್ಪತ್ರೆಗೆ ಕಾರು ನಿಲ್ಲಿಸುವ ಕಟ್ಟಡ ಕಟ್ಟುವ ಯೋಜನೆ ಬಂತು. ಜನ ತಾವೇ ಒಂದು ಮತದಾನ ಏರ್ಪಡಿಸಿದರು. ಬೇಡ ಎಂದವರು ಸಾವಿರದ ಮೇಲೆ, ಬೇಕು ಎಂದವರು ನಲವತ್ತರ ಆಸುಪಾಸು. ಯೋಜನೆ ಬಿದ್ದುಹೋಯಿತು.

ಈಗ ಇಮಿಗ್ರೆಂಟ್ ಎಂಬ ಮೊದಲ ಪದಕ್ಕೆ ಬರೋಣ. ಕನ್ನಡದಲ್ಲಿ ವಲಸಿಗ ಅನ್ನುತ್ತೇವೆ. ಆದರೆ ನಮ್ಮ ಕಿವಿಗೆ ವಲಸೆ ಅಂದರೆ ರಾಯಚೂರು, ಕಲಬುರಗಿ ಕಡೆಯವರು ಗುಳೆ ಹೋಗುವುದು. ಅಮೆರಿಕಕ್ಕೆ ಹೋದ ಸಾಫ್ಟ್‌ವೇರ್ ಹುಡುಗ "ಅಬ್ರಾಡ್‌ನಲ್ಲಿದ್ದಾನೆ", ಎನ್ಆರ್‌ಐ. ಅವನನ್ನು ವಲಸಿಗ ಎಂದರೆ ಅವರಮ್ಮ ಮುನಿಸಿಕೊಂಡಾರು! ಅಮೆರಿಕದ ಯೋಜಕರ ಪುಸ್ತಕದಲ್ಲಿ ಮಾತ್ರ ಇಬ್ಬರೂ ಒಂದೇ ಪದದ ಕೆಳಗೆ ಬರುತ್ತಾರೆ: ಲಾಸ್ ಏಂಜಲೀಸಿನಲ್ಲಿ ಗಾಡಿ ತಳ್ಳಿ ಹಣ್ಣು ಮಾರುವ ಗ್ವಾಟೆಮಾಲಾದ ಹೆಂಗಸು, ಫ್ರೀಮಾಂಟಿನಲ್ಲಿ ಮನೆ ಕೊಂಡ ಕನ್ನಡದ ಎಂಜಿನಿಯರ್. 1965ರ ವಲಸೆ ಕಾನೂನು ದೇಶವಾರು ಹಳೆಯ ಕೋಟಾ ತೆಗೆದುಹಾಕಿದ ಮೇಲೆ ಏಷ್ಯಾದಿಂದ ಹೋದವರಲ್ಲಿ ಉಳ್ಳವರೂ ಇದ್ದರು. ಇವರು ನಡು ನಗರದ ಇಕ್ಕಟ್ಟಿನ ಬೀದಿಗೆ ಹೋಗದೆ ನೇರ ಹೊರವಲಯದ ಊರುಗಳಿಗೆ ಹೋದರು. ಭೂಗೋಳ ತಜ್ಞೆ ವೇ ಲೀ ಇಂಥ ಊರುಗಳಿಗೆ "ಎತ್ನೋಬರ್ಬ್" ಎಂದು ಹೆಸರಿಟ್ಟರು. ಲಾಸ್ ಏಂಜಲೀಸ್ ಪಕ್ಕದ ಮಾಂಟೆರೇ ಪಾರ್ಕ್ ಅದಕ್ಕೆ ಹೆಸರುವಾಸಿ. 1980ರ ದಶಕದಲ್ಲಿ ಅಲ್ಲಿ ಅಂಗಡಿಯ ಬೋರ್ಡು ಚೀನೀ ಭಾಷೆಯಲ್ಲಿರಬೇಕೋ ಇಂಗ್ಲಿಷಿನಲ್ಲೋ ಎಂದು ದೊಡ್ಡ ರಂಪವಾಯಿತು. ಬೋರ್ಡಿನ ಭಾಷೆಯ ಜಗಳ ನಮಗೆ ಯಾರೂ ಕಲಿಸಬೇಕಾಗಿಲ್ಲ, ಬಿಡಿ. ಒಂದು ವ್ಯತ್ಯಾಸ ಇದೆ: ಅಲ್ಲಿ ಹೊಸಬರ ಭಾಷೆ ಕಣ್ಣು ಕುಕ್ಕಿತು, ಇಲ್ಲಿ ನೆಲದ ಭಾಷೆ ಕಾಣೆಯಾಗಿತ್ತು.

ಹಾಗಾದರೆ ನಗರ ಯೋಜನೆಗೆ ಇದರಲ್ಲಿ ಏನು ಕೆಲಸ? ಯೋಜನೆಯ ನಿಯಮಗಳು ನೋಡಲು ಯಾರ ಪರವೂ ಅಲ್ಲ. ಒಂದು ಅಂಗಡಿಗೆ ಇಷ್ಟು ಕಾರು ನಿಲ್ಲುವ ಜಾಗ ಬೇಕು, ಮನೆಯಲ್ಲಿ ಅಡುಗೆ ಮಾಡಿ ಮಾರುವಂತಿಲ್ಲ, ಪಾದಚಾರಿ ಮಾರ್ಗದಲ್ಲಿ ವ್ಯಾಪಾರ ಕೂಡದು. ಆದರೆ ಅವು ಹೋಗಿ ಬಡಿಯುವುದು ಹೊಸದಾಗಿ ಬಂದವರಿಗೆ. ಲಾಸ್ ಏಂಜಲೀಸಿನಲ್ಲಿ ಬೀದಿ ವ್ಯಾಪಾರ ದಶಕಗಳ ಕಾಲ ಅಪರಾಧವಾಗಿತ್ತು. ಮಾರುವವರು ಸಂಘ ಕಟ್ಟಿ ವರ್ಷಗಟ್ಟಲೆ ಓಡಾಡಿದ ಮೇಲೆ, 2017ರಲ್ಲಿ ಪಾಲಿಕೆ ಅದು ಅಪರಾಧವಲ್ಲ ಎಂದಿತು; 2018ರಲ್ಲಿ ಇಡೀ ಕ್ಯಾಲಿಫೋರ್ನಿಯಾಕ್ಕೆ ಅನ್ವಯಿಸುವ ಕಾನೂನೂ ಬಂತು. ನಮ್ಮ ಬೀದಿ ವ್ಯಾಪಾರಿಗಳ ಕಾಯ್ದೆ 2014ರದು. ಕಾಗದದ ಮಟ್ಟಿಗೆ ನಾವೇ ಮುಂದೆ.

ಲಾಸ್ ಏಂಜಲೀಸಿನದೇ ಥಾಯ್ ಟೌನ್ ನನಗೆ ಬಹಳ ಹಿಡಿಸಿದ ಉದಾಹರಣೆ. ಥಾಯ್ ಕಮ್ಯುನಿಟಿ ಡೆವಲಪ್‌ಮೆಂಟ್ ಸೆಂಟರ್ ಎಂಬ ಸಂಸ್ಥೆ 1994ರಲ್ಲಿ ಶುರುವಾಯಿತು. ಮರು ವರ್ಷವೇ ಆಗಸ್ಟಿನಲ್ಲಿ, ಎಲ್ ಮಾಂಟೆ ಎಂಬಲ್ಲಿ ಮುಳ್ಳುತಂತಿಯ ಹಿಂದೆ ಕೂಡಿಹಾಕಿ ಬಟ್ಟೆ ಹೊಲಿಸುತ್ತಿದ್ದ 72 ಮಂದಿ ಥಾಯ್ ಕಾರ್ಮಿಕರು ಸಿಕ್ಕರು. ಅವರಿಗೆ ಮಾತಾಡಲು, ಮನೆ ಹುಡುಕಲು, ಮೊಕದ್ದಮೆ ಹೂಡಲು ಜೊತೆಗೆ ನಿಂತವರಲ್ಲಿ ಈ ಸಂಸ್ಥೆ ಒಂದು. ಆಮೇಲೆ ಸಂಸ್ಥೆಯವರೇ ಪಾಲಿಕೆಯ ಹಿಂದೆ ಬಿದ್ದು ಹಾಲಿವುಡ್ ಬುಲೆವಾರ್ಡಿನ ಒಂದು ಭಾಗಕ್ಕೆ 1999ರಲ್ಲಿ ಥಾಯ್ ಟೌನ್ ಎಂಬ ಹೆಸರು ಹಾಕಿಸಿದರು. ಹೆಸರು ಬಂದರೆ ಊಟಕ್ಕೆ ಜನ ಬರುತ್ತಾರೆ, ಅಂಗಡಿಗಳು ಬದುಕುತ್ತವೆ ಎಂಬುದು ಲೆಕ್ಕ. ಲೆಕ್ಕ ಸರಿ. ಆದರೆ ಜನ ಬಂದರೆ ಬಾಡಿಗೆಯೂ ಏರುತ್ತದೆ, ಅಲ್ವಾ? ಬೋರ್ಡು ಉಳಿದು ಜನ ಹೋಗುವ ಅಪಾಯ ಇಲ್ಲಿದೆ. ಈ ವಿಷಯದಲ್ಲಿ ದುಡಿಯುವವರ ತಲೆ ತಿನ್ನುವ ಪ್ರಶ್ನೆ ಇದು. ಸುಲಭದ ಉತ್ತರ ಇದೆ ಎಂದು ನನಗಂತೂ ಅನ್ನಿಸುವುದಿಲ್ಲ.

ಇನ್ನು ಕೆಲಸದ ವಿಚಾರ. ಇಂಥ ಹುದ್ದೆಗಳು ಹಲವು ಸಲ ಎರಡು ವಿಭಾಗಕ್ಕೆ ಸೇರಿರುತ್ತವೆ. ಅರ್ಧ ನಗರ ಯೋಜನೆ, ಅರ್ಧ ಏಷ್ಯನ್ ಅಮೆರಿಕನ್ ಅಥವಾ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರ) ಅಧ್ಯಯನ. ಮುಷ್ಕರದ ಹುಡುಗರು ಹೋಟೆಲಿಗೆ ಬಣ್ಣ ಬಳಿಯಲು ಹೋದದ್ದರ ಮುಂದುವರಿಕೆ ಅಂತಲೇ ಇಟ್ಟುಕೊಳ್ಳಿ. ಜಾಯಿಂಟ್ ಅಪಾಯಿಂಟ್‌ಮೆಂಟ್ ಎಂದು ಅದರ ಹೆಸರು. ಸಂಬಳ ಒಂದೇ, ಮೀಟಿಂಗು ಎರಡರಷ್ಟು. ಎರಡು ದೋಣಿಯ ಮೇಲೆ ಕಾಲು. ಟೆನ್ಯೂರ್ ಟ್ರ್ಯಾಕ್ ಎಂದು ಬರೆದಿದ್ದರೆ ಅದು ಉದ್ದನೆಯ ಪ್ರೊಬೇಷನ್ ಇದ್ದ ಹಾಗೆ. ಆರೇಳು ವರ್ಷ ಪಾಠ, ಸಂಶೋಧನೆ, ಲೇಖನ ಎಲ್ಲ ತೂಗಿ ನೋಡಿ ಕಾಯಂ ಮಾಡುತ್ತಾರೆ, ಇಲ್ಲವಾದರೆ ಕಳಿಸುತ್ತಾರೆ. ಅರ್ಜಿ ದಾಟಿದವರನ್ನು ಕರೆಸಿ ಎಲ್ಲರ ಮುಂದೆ ತಮ್ಮ ಸಂಶೋಧನೆಯ ಬಗ್ಗೆ ಮಾತಾಡಿಸುತ್ತಾರೆ, ಅದಕ್ಕೆ ಜಾಬ್ ಟಾಕ್ ಎನ್ನುತ್ತಾರೆ. ಅಲ್ಲಿ ಒಂದು ಕಡೆಯವರು ನಕ್ಷೆ, ಅಂಕಿಅಂಶ ಕೇಳುತ್ತಾರೆ. ಇನ್ನೊಂದು ಕಡೆಯವರು ಚರಿತ್ರೆ ಕೇಳುತ್ತಾರೆ.

ನಮ್ಮ ಹುಡುಗಿ ಮಾತಾಡಬೇಕಿರುವುದು ಆರ್ಟೀಸಿಯಾ ಎಂಬ ಊರಿನ ಬಗ್ಗೆ. ಅದೂ ಲಾಸ್ ಏಂಜಲೀಸಿನ ಪಕ್ಕದ್ದೇ. ಒಂದು ಕಾಲಕ್ಕೆ ಡಚ್ಚರು, ಪೋರ್ಚುಗೀಸರು ಹಸು ಸಾಕಿ ಹಾಲು ಮಾರುತ್ತಿದ್ದ ಜಾಗ. ಈಗ ಅಲ್ಲಿನ ಪಯನಿಯರ್ ಬುಲೆವಾರ್ಡಿನಲ್ಲಿ ಸೀರೆ ಅಂಗಡಿ, ಚಿನ್ನದ ಅಂಗಡಿ, ದೋಸೆ ಹೋಟೆಲು. ಜನ ಲಿಟಲ್ ಇಂಡಿಯಾ ಅನ್ನುತ್ತಾರೆ. ಇದನ್ನೆಲ್ಲ ಬರೆದು ಗುಂಪಿಗೆ ಕಳಿಸಿದೆ. ಎರಡು ದಿನ ಭಾವ ಏನೂ ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಗಳಿಗೆ ಒಂದೇ ಸಾಲು ಹಾಕಿದ್ದರು: "ಅಲ್ಲಿ ಅಂಗಡಿ ಯಾರ ಹೆಸರಲ್ಲಿದೆ ಮಗಾ, ಬಾಡಿಗೆ ಎಷ್ಟು?"

ಎರಡು ಬೇಸಿಗೆ ಅವಳು ಆ ಬೀದಿಯಲ್ಲಿ ಅಂಗಡಿ ಅಂಗಡಿಗೆ ಹೋಗಿ ಕೇಳಿದ್ದು ಅದನ್ನೇ.