ಹಳೇ ಮಂಚ ಬೀಟೆಯದ್ದೋ, ಬರೀ ಬಣ್ಣವೋ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹಳೇ ಮನೆಯ ಮಂಚವೊಂದು ಮಾರಾಟಕ್ಕಿದೆ. ಅಪ್ಪಟ ಬೀಟೆ (ರೋಸ್‌ವುಡ್) ಅಂತಾರೆ. ಗುರುತಿಸೋದು ಹೇಗೆ? ಒಂದು ಕಾಲು ಸಡಿಲವಾಗಿದೆ, ರಿಪೇರಿ ಆಗುತ್ತಾ?

ಉತ್ತರ: ಮೊದಲು ಮಂಚವನ್ನು ಮಗುಚಿ ಹಾಕಿಸಿ. ಮೇಲಿನ ಹೊಳಪು ನೋಡಿ ಏನೂ ಗೊತ್ತಾಗುವುದಿಲ್ಲ. ಕಪ್ಪು ಪಾಲಿಶ್ ಬಳಿದರೆ ಮತ್ತಿ, ಹಲಸು ಎಲ್ಲವೂ ದೂರದಿಂದ ಬೀಟೆಯೇ. ಕಣ್ಣಿಗೆ ಬೀಳದ ಜಾಗದಲ್ಲಿ ಉಳಿಯಿಂದ ಉಗುರಗಲ ಹೆರೆಯಿರಿ, ಮಾರುವವರನ್ನು ಕೇಳಿಯೇ ಮತ್ತೆ! ಬರೀ ಬಣ್ಣವಾದರೆ ಅಡಿಯಲ್ಲಿ ಬೇರೆಯೇ ಮರ ಕಾಣುತ್ತದೆ. ಬೀಟೆಯಾದರೆ ಒಳಗೂ ನೇರಳೆ ಬೆರೆತ ಕಂದು, ನಡುನಡುವೆ ಕಪ್ಪು ಗೆರೆ. ಹೆರೆದ ಚೂರನ್ನು ಮೂಗಿಗೆ ಹಿಡಿಯಿರಿ. ಸಣ್ಣಗೆ ಸಿಹಿ ಪರಿಮಳ ಬರಬೇಕು. ಮತ್ತಿಯಲ್ಲೂ ಕಪ್ಪು ಗೆರೆ ಇರುತ್ತದೆ, ಈ ಪರಿಮಳ ಇರುವುದಿಲ್ಲ.

ಪಕ್ಕದಲ್ಲಿ ಬಿಳಿ ಪಟ್ಟಿ ಕಂಡರೆ ಮೋಸ ಅಂತ ಎದ್ದು ಬರಬೇಡಿ. ಬೀಟೆಯ ಬಣ್ಣವೆಲ್ಲ ಚೇಗಿನದು, ಅಂದರೆ ಮರದ ಒಳತಿರುಳಿನದು; ಹೊರಸುತ್ತು ಹಳದಿ ಬೆರೆತ ಬಿಳಿ. ಆದರೆ ಹುಳು ಮೊದಲು ಹಿಡಿಯುವುದು ಅಲ್ಲೇ, ಸಣ್ಣ ತೂತುಗಳಿವೆಯಾ ನೋಡಿ.

'ನೀರಿಗೆ ಹಾಕಿ, ಮುಳುಗಿದರೆ ಬೀಟೆ' ಅನ್ನೋರಿದ್ದಾರೆ. ಸುಮ್ನೆ ಮಾತು. ಒಣಗಿದ ಬೀಟೆ ಘನ ಮೀಟರಿಗೆ ಸುಮಾರು 830 ಕೆಜಿ, ನೀರು 1000 ಕೆಜಿ. ತೇಲುತ್ತದೆ. ಮತ್ತಿಯೂ ಹೆಚ್ಚುಕಮ್ಮಿ ಅಷ್ಟೇ ಭಾರ, ಹಾಗಾಗಿ ಎತ್ತಿ ನೋಡಿದರೂ ಪ್ರಯೋಜನವಿಲ್ಲ. ಇನ್ನು ಶೋರೂಮಿನ 'ರೋಸ್‌ವುಡ್' ಎಷ್ಟೋ ಸಲ ಉತ್ತರ ಭಾರತದ ಶೀಶಮ್. ಬೀಟೆಯ ದಾಯಾದಿಯೇ, ಒಳ್ಳೆ ಮರವೇ, ಆದರೆ ಬೀಟೆಯ ರೇಟು ಕೊಡಬೇಡಿ.

ರಿಪೇರಿ ಖಂಡಿತ ಆಗುತ್ತದೆ, ಆಚಾರಿಗಳಿಗೆ ತಾಳ್ಮೆ ಬೇಕು ಅಷ್ಟೇ. ಬೀಟೆಯ ನಾರು ಒಂದು ಪದರ ಹೀಗೆ, ಇನ್ನೊಂದು ಪದರ ಹಾಗೆ ಓಡುತ್ತದೆ. ಮರ ನಯ ಮಾಡುವ ಹತ್ತರಿ ಜಾಸ್ತಿ ಕಚ್ಚಿದರೆ ಸೀಳು ಕಿತ್ತು ಬರುತ್ತದೆ. ಒಳಗೆ ಅಲ್ಲಲ್ಲಿ ಸುಣ್ಣದಂಥ ಕಣಗಳೂ ಇದ್ದು ಅಲಗು ಬೇಗ ಮೊಂಡಾಗುತ್ತದೆ. ಪದೇಪದೇ ಮಸೆಯುತ್ತಾ ತೆಳುವಾಗಿ ಹೆರೆಯಬೇಕು. ಸ್ಕ್ರೂ ಹಾಕುವ ಮುಂಚೆ ಡ್ರಿಲ್ ಮಾಡಿಸಿ, ಇಲ್ಲದಿದ್ದರೆ ಮರ ಸೀಳುತ್ತದೆ. ಉಜ್ಜುವಾಗ ಮಾಸ್ಕ್ ಇರಲಿ. ಇದರ ಪುಡಿಗೆ ಕೆಲವರಿಗೆ ಮೈ ತುರಿಸುತ್ತದೆ, ಉಸಿರಿಗೂ ತೊಂದರೆ.

ಹೊಸ ತುಂಡು ಬೇಕಾದರೆ ಅರಣ್ಯ ಇಲಾಖೆಯ ಡಿಪೋದಿಂದ ಬಂದ, ಬಿಲ್ ಇರುವ ನಾಟಾ ಮಾತ್ರ ತಗೊಳ್ಳಿ. ತೋಟದಲ್ಲೇ ಬೀಟೆ ಇದ್ದರೂ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ.