ಮದುವೆ ಊಟ ಉಳಿದರೆ ಎಲ್ಲಿಗೆ ಹೋಗುತ್ತದೆ?

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಛತ್ರದಲ್ಲಿ ನೆಂಟರ ಮದುವೆ. ಮಧ್ಯಾಹ್ನ ಮೂರಕ್ಕೆ ಕೊನೆಯ ಪಂಕ್ತಿ ಎದ್ದಾಗ ಎರಡು ದೊಡ್ಡ ಪಾತ್ರೆ ಅನ್ನ, ಅರ್ಧ ಪಾತ್ರೆ ಹುಳಿ ಹಾಗೇ ಉಳಿದಿತ್ತು. ಯಾರಿಗಾದರೂ ಕೊಡೋಣ ಅಂತ ಎಲ್ಲರೂ ಅಂದರು. ಯಾರಿಗೆ, ಯಾವ ಗಾಡಿಯಲ್ಲಿ, ಪಾತ್ರೆ ವಾಪಸ್ ತರೋರು ಯಾರು ಅಂತ ಮಾತಾಡುತ್ತಲೇ ಸಂಜೆ ಏಳಾಯಿತು. ಹುಳಿ ಹಳಸಿತ್ತು. ಜಿಲ್ಲಾ ಆಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರು ಬನ್ನು ತಿಂದು ಕೂತಿರುತ್ತಾರೆ, ಅದೇನು ದೂರವೂ ಅಲ್ಲ.

ಈ ತಲೆನೋವು ಹಳೆಯದು. 1960ರ ದಶಕದಲ್ಲಿ ದೇಶಕ್ಕೆ ಧಾನ್ಯದ ಕೊರತೆ ಬಂದಾಗ ಕೆಲವು ರಾಜ್ಯಗಳು ಸಮಾರಂಭಕ್ಕೆ ಇಷ್ಟೇ ಜನ ಅಂತ ಆದೇಶ ಮಾಡಿದ್ದವು. ಮದುವೆ ಮನೆಯಲ್ಲಿ ತಲೆ ಎಣಿಸೋರು ಯಾರು ಹೇಳಿ! ಆಮೇಲೆ ಬಫೆ ಬಂತು, ಐಟಂ ಜಾಸ್ತಿಯಾದವು. 2012ರ ಸುಮಾರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದರೆ, ಅಲ್ಲಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತಿತ್ತು.

ಉಳಿದದ್ದನ್ನು ಸಂಗ್ರಹಿಸಿ ಹಂಚುವ ಫುಡ್ ಬ್ಯಾಂಕ್ ಶುರುವಾಗಿದ್ದು ಅಮೆರಿಕದ ಫೀನಿಕ್ಸ್‌ನಲ್ಲಿ, 1967ರಲ್ಲಿ. ಜಾನ್ ವ್ಯಾನ್ ಹೆಂಗೆಲ್ ಅನ್ನೋರು ಅಂಗಡಿಯವರು ಎಸೆಯುವ ಸಾಮಾನು ತಂದು ಹಂಚಿದರು. ಅಲ್ಲಿ ಬಹುಪಾಲು ಡಬ್ಬಿ, ಪೊಟ್ಟಣದ ಸರಕು; ನಾಳೆಗೂ ಕಾಯುತ್ತದೆ. ನಮ್ಮ ಅನ್ನ, ಪಲ್ಯ, ಹುಳಿ ಕಾಯುವುದಿಲ್ಲ. 2014ರಲ್ಲಿ ದೆಹಲಿಯಲ್ಲಿ ಹುಟ್ಟಿದ ರಾಬಿನ್ ಹುಡ್ ಆರ್ಮಿ ಅನ್ನೋ ಸ್ವಯಂಸೇವಕರ ತಂಡದ ಹುಡುಗರು ಹೋಟೆಲ್‌ಗಳಲ್ಲಿ ಉಳಿದ ಊಟವನ್ನು ಆ ರಾತ್ರಿಯೇ ಹಂಚಲು ಹೊರಟಿದ್ದು ಅದಕ್ಕೇ. ಕೊಟ್ಟ ಊಟದಿಂದ ಯಾರಿಗಾದರೂ ಹೊಟ್ಟೆ ಕೆಟ್ಟರೆ ಅನ್ನೋ ಭಯವೂ ಇತ್ತಲ್ವಾ, ಉಳಿದ ಆಹಾರವನ್ನು ಹೇಗೆ ಇಡಬೇಕು, ಹೇಗೆ ಹಂಚಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ತಂದಿತು.

ಸಿದ್ಧಗಂಗೆ ಇರುವ ಊರಲ್ಲಿ ಅನ್ನ ಕೊಡೋ ಮನಸ್ಸಿಗೆ ಬರವಿಲ್ಲ. ಆದರೆ ಮಠದ ದಾಸೋಹಕ್ಕೆ ಭಕ್ತರು ತರುವುದು ರಾಗಿ, ಅಕ್ಕಿ, ಬೇಳೆ. ಅದು ಕಣಜದಲ್ಲಿರುತ್ತದೆ. ಬೆಂದ ಅನ್ನಕ್ಕೆ ಬೇಕಾಗಿರುವುದು ಒಂದು ಗಾಡಿ, ಮುಚ್ಚಳವಿರುವ ನಾಲ್ಕು ಪಾತ್ರೆ, ಮತ್ತೆ ಸಮಯಕ್ಕೆ ಸರಿಯಾಗಿ ಒಂದು ಫೋನು.

ಫೋನು ಯಾವಾಗ ಮಾಡಬೇಕು ಅಂತ ಅವತ್ತು ಅಡುಗೆ ಭಟ್ಟರನ್ನೇ ಕೇಳಿದೆ. "ಎರಡನೇ ಪಂಕ್ತಿ ಏಳುವಾಗಲೇ ಎಷ್ಟು ಉಳಿಯುತ್ತೆ ಅಂತ ನನಗೆ ಗೊತ್ತಾಗುತ್ತೆ ಸಾರ್, ಯಾರೂ ಕೇಳಲ್ಲ" ಅಂದರು.