ಹರಾಜು ಸಲೀಸಾಗಿದ್ದರೆ ಅನುಮಾನಪಡಿ

ಬ್ಯಾಂಕು, ಫೈನಾನ್ಸ್ ಕಂಪನಿಗಳು ಸೀಜ್ ಮಾಡಿ ತಂದ ಗಾಡಿಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬು. ಹಾಗಾಗಿ ಪರಿಚಯದವರು ಆಗಾಗ ಫೋನ್ ಮಾಡುತ್ತಿರುತ್ತಾರೆ. "ಸರ್, ಫೇಸ್‌ಬುಕ್ಕಲ್ಲಿ ಬ್ಯಾಂಕ್ ಹರಾಜಿನ ಬುಲೆಟ್ ಬಂದಿದೆ. ಮೂವತ್ತು ಸಾವಿರಕ್ಕೆ ಕೊಡ್ತಾರಂತೆ. ಬುಕಿಂಗಿಗೆ ಎರಡು ಸಾವಿರ ಹಾಕ್ಲಾ?" ನಾನು ಬೆಲೆಯ ಸುದ್ದಿಗೇ ಹೋಗುವುದಿಲ್ಲ. ಗಾಡಿ ಯಾವ ಯಾರ್ಡಿನಲ್ಲಿ ನಿಂತಿದೆ, ಯಾವತ್ತು ಹೋಗಿ ನೋಡಬಹುದು ಎಂದಷ್ಟೇ ಕೇಳುತ್ತೇನೆ. ಬಹುಪಾಲು ಮಾತು ಅಲ್ಲಿಗೇ ನಿಲ್ಲುತ್ತದೆ.

ನಿಜವಾದ ಹರಾಜು ಕಿರಿಕಿರಿಯ ಬಾಬ್ತು. ಗಾಡಿ ಊರಾಚೆ ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿರುತ್ತದೆ. ಬ್ಯಾಟರಿ ಸತ್ತಿರುತ್ತದೆ, ಎಷ್ಟೋ ಸಲ ಕೀಯೂ ಇರುವುದಿಲ್ಲ. ಷರತ್ತುಗಳಲ್ಲಿ 'ಇದ್ದಲ್ಲಿ, ಇದ್ದ ಹಾಗೆ' ಎಂದೇ ಬರೆದಿರುತ್ತಾರೆ. ಬಾಕಿ ತೆರಿಗೆ, ಟ್ರಾಫಿಕ್ ದಂಡ, ಕೆಲವು ಕಡೆ ಯಾರ್ಡಿನ ಬಾಡಿಗೆ ಕೂಡ ಕೊಂಡವನ ತಲೆಗೇ. ಎಲ್ಲರಿಗಿಂತ ಹೆಚ್ಚು ಕೂಗಿದರೂ ಬ್ಯಾಂಕಿನಿಂದ ಅಪ್ರೂವಲ್ ಬರುವ ತನಕ ಗಾಡಿ ನಿಮ್ಮದಲ್ಲ. ಸಾಲಗಾರ ಆರ್‌ಸಿ ಕೊಡದೆ ತಲೆ ತಪ್ಪಿಸಿಕೊಂಡಿದ್ದರೆ ಫೈನಾನ್ಸ್‌ನವರು ಫಾರಂ 36 ಹಾಕಿ ಹೊಸ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ನಿಮಗೆ ವರ್ಗಾಯಿಸಬೇಕು. ಆರ್‌ಟಿಒ ಓಡಾಟ ಬೇಡ ಎನ್ನುವವರಿಗೆ ಈ ವ್ಯವಹಾರ ಹೇಳಿಸಿದ್ದಲ್ಲ.

ಸುಳ್ಳು ಹರಾಜಿನಲ್ಲಿ ಇದ್ಯಾವ ತಲೆನೋವೂ ಇಲ್ಲ. ಗಾಡಿ ಫಳಫಳ, ಪೇಪರ್ ಕ್ಲಿಯರ್, ಮನೆ ಬಾಗಿಲಿಗೆ ಡೆಲಿವರಿ, ಇಷ್ಟವಾಗದಿದ್ದರೆ ದುಡ್ಡು ವಾಪಸ್. ಕಂತು ಕಟ್ಟದವನಿಂದ ಗಾಡಿ ಎಳೆದು ತಂದ ಕಂಪನಿ ನಿಮಗೆ ಯಾಕೆ ಇಷ್ಟು ಉಪಚಾರ ಮಾಡುತ್ತದೆ? ಬುಕಿಂಗ್ ದುಡ್ಡು ಹೋದ ಮೇಲೆ ಸಾಗಣೆ ವೆಚ್ಚ, ಜಿಎಸ್‌ಟಿ, ಗೇಟ್ ಪಾಸ್ ಎಂದು ಒಂದೊಂದಾಗಿ ಬರುತ್ತವೆ, ಎಲ್ಲವೂ 'ರೀಫಂಡಬಲ್'. ಯೂನಿಫಾರಂ ಫೋಟೊ, ಕ್ಯಾಂಟೀನ್ ಕಾರ್ಡ್ ಕಳಿಸಿ, "ನಾನು ಮಿಲಿಟರಿಯವನು, ಟ್ರಾನ್ಸ್‌ಫರ್ ಆಗಿದೆ, ಗಾಡಿ ಏರ್‌ಪೋರ್ಟ್ ಪಾರ್ಕಿಂಗಲ್ಲಿದೆ" ಎನ್ನುವ ಹಳೇ ನಾಟಕವೂ ಇದೇ ಜಾತಿಯದು. ಬ್ಯಾಂಕ್ ಹರಾಜಿನ ಠೇವಣಿ ಯಾವುದೋ ಮೊಬೈಲ್ ನಂಬರಿನ ಯುಪಿಐಗೆ ಹೋಗುವುದಿಲ್ಲ. ಗಾಡಿ ನಂಬರ್ ಹಿಡಿದು ಸಾಲ ಕೊಟ್ಟ ಬ್ಯಾಂಕಿನ ಶಾಖೆಗೇ ಹೋಗಿ ವಿಚಾರಿಸಿ. ಜಾಹೀರಾತಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿದರೆ ಕಳ್ಳನನ್ನೇ ಸಾಕ್ಷಿ ಕೇಳಿದಂತೆ.

ಇವೆಲ್ಲ ಗಾಡಿ ತೋರಿಸದೆ ಮಾಡುವ ಮೋಸ. ಗಾಡಿ ತೋರಿಸಿಯೇ ಮಾಡುವ ಮೋಸ ಇನ್ನೂ ನಾಜೂಕು. ಒಬ್ಬರು ತಮ್ಮ ಕಾರನ್ನು ನಾಲ್ಕು ಲಕ್ಷಕ್ಕೆ ಮಾರಲು ಜಾಹೀರಾತು ಹಾಕುತ್ತಾರೆ ಎನ್ನಿ. ಮೋಸಗಾರ ಅವರಿಗೆ ಫೋನ್ ಮಾಡಿ, "ನಾನೇ ತಗೋತೀನಿ, ಜಾಹೀರಾತು ತೆಗೆದುಬಿಡಿ" ಎಂದು ಫೋಟೊ, ಆರ್‌ಸಿ ತರಿಸಿಕೊಳ್ಳುತ್ತಾನೆ. ಅದೇ ಕಾರನ್ನು ಮೂರು ಲಕ್ಷಕ್ಕೆ ತಾನು ಹಾಕುತ್ತಾನೆ. ನೀವು ಫೋನ್ ಮಾಡಿದಾಗ, "ಗಾಡಿ ನಮ್ಮ ಭಾವನ ಮನೇಲಿದೆ, ನೋಡ್ಕೊಂಡು ಬನ್ನಿ. ರೇಟಿನ ಮಾತು ಮಾತ್ರ ಅವರ ಹತ್ರ ಎತ್ತಬೇಡಿ, ಮನೇಲಿ ಸ್ವಲ್ಪ ತಕರಾರಿದೆ" ಎನ್ನುತ್ತಾನೆ. ಅತ್ತ ಮಾಲೀಕರಿಗೆ, "ನಮ್ಮ ಹುಡುಗ ಬರ್ತಾನೆ, ತೋರಿಸಿ. ರೇಟ್ ಹೇಳಬೇಡಿ, ಅವನಿಗೆ ನಾನು ಕೊಡಬೇಕಾದ ಬಾಕಿ ಲೆಕ್ಕದಲ್ಲಿ ಗಾಡಿ ಕೊಡ್ತಿದೀನಿ" ಎಂದಿರುತ್ತಾನೆ. ನೀವು ಹೋಗುತ್ತೀರಿ. ಕಾರು ಅಸಲಿ, ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗುತ್ತದೆ, ಮಾಲೀಕರು ಕಾಫಿಯನ್ನೂ ಕೊಡುತ್ತಾರೆ. ಅಲ್ಲೇ ನಿಂತು ಫೋನಿನಲ್ಲಿದ್ದವನ ಖಾತೆಗೆ ಮೂರು ಲಕ್ಷ ಹಾಕುತ್ತೀರಿ. ಕೀ ಕೇಳಿದಾಗ ಮಾಲೀಕರು "ನನಗಿನ್ನೂ ದುಡ್ಡು ಬಂದಿಲ್ಲವಲ್ಲ" ಎನ್ನುತ್ತಾರೆ. ಆ ಕ್ಷಣಕ್ಕೆ ನಿಮಗೆ ಅವರು ಕಳ್ಳರು, ಅವರಿಗೆ ನೀವು ಕಳ್ಳರು. ನನ್ನಂಥವನನ್ನು ಕರೆದೊಯ್ದಿದ್ದರೂ ಗಾಡಿ ಪಾಸ್ ಆಗುತ್ತಿತ್ತು. ಯಾಕೆಂದರೆ ದೋಷ ಗಾಡಿಯಲ್ಲಿಲ್ಲ.

ಇದು ನಡೆಯುವುದು ಇಬ್ಬರು ಮರ್ಯಾದಸ್ಥರು ಎದುರುಬದುರು ನಿಂತೂ ರೇಟಿನ ಮಾತು ಆಡದ ಕಾರಣಕ್ಕೆ. ಸಂಕೋಚ ಬಿಟ್ಟು, "ಯಜಮಾನ್ರೇ, ಎಷ್ಟಕ್ಕೆ ಕೊಡ್ತಿದೀರಿ?" ಎಂದು ಕೇಳಿಬಿಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೇ ಹಣ ಹಾಕಿ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಪಡೆಯುವವರ ಹೆಸರು ಕಾಣಿಸುತ್ತದೆ, ಓದಿ. ಸರ್ಕಾರದ ವಾಹನ ನೋಂದಣಿ ಪೋರ್ಟಲ್ 'ವಾಹನ್' ದಾಖಲೆಯಲ್ಲಿ ಫೈನಾನ್ಸರ್ ಹೆಸರು ಇನ್ನೂ ಇದ್ದರೆ ಬಾಕಿ ಸಾಲದಷ್ಟು ಹಣವನ್ನು ನೇರ ಸಾಲದ ಖಾತೆಗೇ ಕಟ್ಟಿ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಪಡೆಯಿರಿ.

ಮಾರುವವರಿಗೂ ಒಂದು ಮಾತು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟ ಮಾತ್ರಕ್ಕೆ ಗಾಡಿಯ ಋಣ ಹರಿಯಲಿಲ್ಲ. ದಾಖಲೆಯಲ್ಲಿ ಹೆಸರು ಬದಲಾಗುವ ತನಕ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ದುಡ್ಡು ಹೋಯಿತು ಎಂದು ಗೊತ್ತಾದರೆ ಆ ಮನುಷ್ಯನಿಗೆ ಫೋನ್ ಮಾಡಿ ಬೈಯುತ್ತಾ ಕೂರಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ವಹಿವಾಟಿನ ಯುಟಿಆರ್ ನಂಬರ್ (ಹಣ ಕಳಿಸಿದಾಗ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ಆಮೇಲೆ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸ್ ಕಟ್ಟಿ" ಎಂದು ಇನ್ನೊಂದು ಫೋನ್ ಬರಬಹುದು. ಅದೂ ಮೋಸವೇ.